ಕೋಹಾಕ್ಕೆ ರೆಕಾರ್ಡ್ ಇಂಪೋರ್ಟ್ ಆಯ್ತು, ಆದರೆ ಪುಸ್ತಕ ಸಿಗುತ್ತಿಲ್ಲ: ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕಾಲೇಜು ಲೈಬ್ರರಿಗಳಿಂದ ಕೋಹಾ (ಲೈಬ್ರರಿಯ ಪುಸ್ತಕಪಟ್ಟಿ, ಕೊಟ್ಟು ತಗೊಳ್ಳುವ ಲೆಕ್ಕ ನೋಡಿಕೊಳ್ಳುವ ತಂತ್ರಾಂಶ) ಬಗ್ಗೆ ಬರುವ ಫೋನು ಹೆಚ್ಚುಕಮ್ಮಿ ಎರಡೇ ಥರ. ಒಂದು, "ಸರ್, ಎಲ್ಲಾ ಇಂಪೋರ್ಟ್ ಆಗ್ಯಾದ ಅಂತ ತೋರಸ್ತದರಿ, ಆದ್ರ ಹುಡುಕಿದ್ರ ಒಂದೂ ಪುಸ್ತಕ ಸಿಗವಲ್ದು." ಇನ್ನೊಂದು, "ಪುಸ್ತಕದ ಹೆಸರು ಬರ್ತದರಿ, ಕಾಪಿನೇ ಇಲ್ಲ ಅಂತದ." ಕೇಳಲು ಒಂದೇ ಥರ ಇದ್ದರೂ ಇವೆರಡೂ ಪೂರ್ತಿ ಬೇರೆ ತೊಂದರೆ. ಮೊದಲನೆಯದು ಸಾಮಾನ್ಯವಾಗಿ ಇಂಡೆಕ್ಸಿಂಗ್‌ದು, ಎರಡನೆಯದು ಸಾಮಾನ್ಯವಾಗಿ ನಿಮ್ಮ ಎಕ್ಸೆಲ್ ಶೀಟಿಂದು. ಎರಡಕ್ಕೂ ಜನ ಮಾಡುವುದು ಮಾತ್ರ ಒಂದೇ: ಅದೇ ಫೈಲನ್ನು ಮತ್ತೊಮ್ಮೆ ಇಂಪೋರ್ಟ್ ಮಾಡುತ್ತಾರೆ. ಆಗ ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ.

ದಯವಿಟ್ಟು ಮತ್ತೆ ಇಂಪೋರ್ಟ್ ಮಾಡಬೇಡಿ. ಮೊದಲು ತಪ್ಪು ಯಾವ ಹಂತದಲ್ಲಿ ಸೇರಿಕೊಂಡಿದೆ ಅಂತ ನೋಡೋಣ.

ಒಂದು ಪುಸ್ತಕದ ಮಾಹಿತಿ ರಿಜಿಸ್ಟರಿನಿಂದ ಹೊರಟು ಓದುಗರ ಪರದೆಗೆ ಬರುವ ತನಕ ಐದು ಕಡೆ ಇಳಿದು ಹತ್ತುತ್ತದೆ. ಎಕ್ಸೆಲ್ ಶೀಟು, ಅದರಿಂದ ಮಾಡಿದ ಮಾರ್ಕ್ ಫೈಲು (ಪುಸ್ತಕದ ಮಾಹಿತಿ ಬರೆದಿಡಲು ಲೈಬ್ರರಿಗಳು ಬಳಸುವ ರೂಪ), ಕೋಹಾದ ಸ್ಟೇಜಿಂಗ್ (ಫೈಲನ್ನು ಒಳಗೆ ಸೇರಿಸುವ ಮುಂಚೆ ತಾತ್ಕಾಲಿಕವಾಗಿ ಇಟ್ಟು ನೋಡುವುದು), ಆಮೇಲೆ ನಿಜವಾದ ಇಂಪೋರ್ಟ್, ಕೊನೆಗೆ ಇಂಡೆಕ್ಸ್ (ಹುಡುಕಲು ಅಂತ ಮಾಡಿಕೊಳ್ಳುವ ಸೂಚಿ). ತೊಂದರೆ ಇರುವ ಒಂದೇ ಒಂದು ಪುಸ್ತಕ ಆರಿಸಿಕೊಳ್ಳಿ, ಅದರ ಅಕ್ಸೆಶನ್ ನಂಬರ್ (ರಿಜಿಸ್ಟರಿನಲ್ಲಿ ಆ ಕಾಪಿಗೆ ಕೊಟ್ಟ ನಂಬರ್) ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಈ ಐದೂ ಕಡೆ ಅದನ್ನೇ ಹುಡುಕಿ ನೋಡಿ. ಎಲ್ಲಿಯವರೆಗೆ ಸರಿ ಇತ್ತು, ಎಲ್ಲಿ ಕೆಟ್ಟಿತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಸಾವಿರಾರು ರೆಕಾರ್ಡನ್ನು ಮೇಲಿಂದ ಕೆಳಗೆ ಸುಮ್ನೆ ಕಣ್ಣಾಡಿಸುತ್ತಾ ಕೂತರೆ ಏನೂ ತಿಳಿಯುವುದಿಲ್ಲ.

ಟೆಸ್ಟ್ ಮಾಡಲು ಯಾವ ಪುಸ್ತಕ ಆರಿಸಬೇಕು

ಇಲ್ಲೇ ಬಹಳ ಜನ ಎಡವುವುದು. ಶೀಟಿನ ಮೊದಲ ಹತ್ತು ಸಾಲು ಕತ್ತರಿಸಿ ಟೆಸ್ಟ್ ಮಾಡುತ್ತಾರೆ, ಎಲ್ಲ ಸರಿ ಬರುತ್ತದೆ, ಖುಷಿಯಾಗಿ ಪೂರ್ತಿ ಫೈಲ್ ಹಾಕುತ್ತಾರೆ. ಮೊದಲ ಹತ್ತು ಸಾಲು ಸರಿ ಇರುವುದು ಸಹಜ. ಎಂಟ್ರಿ ಮಾಡುವವರು ಶುರುವಿನಲ್ಲಿ ತುಂಬಾ ಜಾಗ್ರತೆಯಿಂದ ಮಾಡಿರುತ್ತಾರೆ, ಅಲ್ವಾ?

ಟೆಸ್ಟ್ ಫೈಲಿಗೆ ತೊಂದರೆ ಕೊಡುವ ಪುಸ್ತಕಗಳನ್ನೇ ಹುಡುಕಿ ಹಾಕಬೇಕು. ಒತ್ತು, ಅರ್ಕಾವತ್ತು ಜಾಸ್ತಿ ಇರುವ ಕನ್ನಡ ಶೀರ್ಷಿಕೆ ಒಂದೆರಡು. ಐಎಸ್‌ಬಿಎನ್ ಇಲ್ಲದ ಹಳೆ ಪುಸ್ತಕ. ಮೂರು ಕಾಪಿ ಇರುವ ಪುಸ್ತಕ. ಎರಡು ಮೂರು ಸಂಪುಟದ ಪುಸ್ತಕ. ಲೇಖಕರ ಹೆಸರೇ ಇಲ್ಲದ್ದು. ಡಾಲರ್ ಬೆಲೆ ಇರುವ ವಿದೇಶಿ ಪುಸ್ತಕ. ಅಕ್ಸೆಶನ್ ನಂಬರಿನಲ್ಲಿ ಓರೆಗೀಟೋ ಅಕ್ಷರವೋ ಇರುವುದು. ಬೆಳಗಾವಿ ಕಡೆಯವರಾದರೆ ಮರಾಠಿ ಪುಸ್ತಕ ಬೇಕೇ ಬೇಕು, ವಿಜಯಪುರದಲ್ಲಿ ಉರ್ದು ಕೂಡ ಇರುತ್ತದೆ. ಶೀಟಿನ ಮೊದಲ ಸಾಲು ಮತ್ತು ಕೊನೇ ಸಾಲು ಎರಡೂ ಇರಲಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಎಲ್ಲ ಸೇರಿ ಇಪ್ಪತ್ತೈದು ಮೂವತ್ತು ಸಾಲು ಸಾಕು.

ಇದನ್ನು ನಡೆಯುತ್ತಿರುವ ಕೋಹಾದ ಮೇಲೆ ಮಾಡಬೇಡಿ. ಅದೇ ಸರ್ವರಿನಲ್ಲಿ ಇನ್ನೊಂದು ಕೋಹಾ ಇನ್‌ಸ್ಟನ್ಸ್ (ತನ್ನದೇ ಡೇಟಾಬೇಸ್ ಇರುವ ಪ್ರತ್ಯೇಕ ಕೋಹಾ) ಮಾಡಿಕೊಳ್ಳಬಹುದು, ಇಲ್ಲವೇ ಮೂಲೆಯಲ್ಲಿರುವ ಹಳೇ ಕಂಪ್ಯೂಟರಿಗೆ ಡೆಬಿಯನ್ ಅಥವಾ ಉಬುಂಟು ಹಾಕಿ ಅದರಲ್ಲಿ ಮಾಡಬಹುದು. ಕೋಹಾ ಉಚಿತ ತಂತ್ರಾಂಶ. ನ್ಯೂಜಿಲೆಂಡಿನ ಹೊರೊವೆನುವಾ ಅನ್ನುವ ಊರಕಡೆ ಲೈಬ್ರರಿಗೆ ಅಂತ ತಯಾರಾಗಿ 2000ದಲ್ಲಿ ಬಳಕೆಗೆ ಬಂತು. ಎಷ್ಟು ಇನ್‌ಸ್ಟನ್ಸ್ ಹಾಕಿಕೊಂಡರೂ ಲೈಸೆನ್ಸಿಗೆ ದುಡ್ಡು ಕೇಳುವವರಿಲ್ಲ. ಹಾಗಿದ್ದಾಗ ಟೆಸ್ಟಿಗೆ ಬೇರೆ ಜಾಗ ಇಟ್ಟುಕೊಳ್ಳದೇ ಇರಲು ಕಾರಣವೇ ಇಲ್ಲ. ಅಲ್ಲೂ ಲೈಬ್ರರಿ ಕೋಡು, ಐಟಂ ಟೈಪ್ ಕೋಡು ಎಲ್ಲ ನಿಮ್ಮ ಅಸಲಿ ಕೋಹಾದಲ್ಲಿ ಇರುವ ಹಾಗೇ ಇರಬೇಕು, ಇಲ್ಲದಿದ್ದರೆ ಟೆಸ್ಟಿಗೆ ಅರ್ಥವಿಲ್ಲ.

ಅಕ್ಷರ ಕೆಟ್ಟಿದ್ದರೆ, ಹೇಗೆ ಕೆಟ್ಟಿದೆ ಅಂತ ನೋಡಿ

ಕನ್ನಡ ಶೀರ್ಷಿಕೆ ಓದಲು ಬರುತ್ತಿಲ್ಲ ಅಂದಾಗ ಎಲ್ಲರೂ "ಫಾಂಟ್ ಪ್ರಾಬ್ಲಮ್" ಅಂತಾರೆ. ನಿಜಕ್ಕೂ ಫಾಂಟ್ ತೊಂದರೆ ಇರುವುದು ಕಡಿಮೆ. ಕೆಟ್ಟ ಅಕ್ಷರ ಹತ್ತಿರದಿಂದ ನೋಡಿದರೆ ಕಾರಣ ಅದರಲ್ಲೇ ಇರುತ್ತದೆ. ನಾನು ನೋಡಿದ ಮಟ್ಟಿಗೆ ನಾಲ್ಕು ಥರ.

ಬರೀ ಚೌಕ ಡಬ್ಬಿ ಕಾಣುತ್ತಿದ್ದರೆ ಡೇಟಾ ಸರಿಯಾಗೇ ಇದೆ, ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೇ. ಅದೇ ಪುಟವನ್ನು ನಿಮ್ಮ ಮೊಬೈಲಿನಲ್ಲಿ ತೆರೆದು ನೋಡಿ. ಸರಿ ಕಂಡರೆ ಮುಂದೆ ಹೋಗಿ.

ಇಂಗ್ಲಿಷಿನ ಸಣ್ಣ 'ಎ' ಅಕ್ಷರ, ಅದರ ತಲೆ ಮೇಲೊಂದು ಓರೆಗೀಟು, ಪಕ್ಕದಲ್ಲಿ ಮೇಲಕ್ಕೇರಿಸಿದ ಪುಟ್ಟ 2 ಅಥವಾ ಪುಟ್ಟ 3, ಆಮೇಲೆ ಇನ್ನೊಂದು ಏನೋ ಗುರುತು. ಇದೇ ಮತ್ತೆ ಮತ್ತೆ ಸಾಲಾಗಿ ಬರುತ್ತಿದ್ದರೆ ನಿಮ್ಮ ಡೇಟಾ ಯೂನಿಕೋಡಿನಲ್ಲೇ ಇದೆ, ಆದರೆ ಯಾವುದೋ ಹಂತದಲ್ಲಿ ಒಂದು ಪ್ರೋಗ್ರಾಂ ಅದನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ರೀತಿ) ಅಂತ ಗುರುತಿಸದೆ ಓದಿದೆ. ಕನ್ನಡದ ಒಂದೊಂದು ಅಕ್ಷರವೂ ಯುಟಿಎಫ್-8ರಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅದಕ್ಕೇ ಆ ಗೀಟಿನ 'ಎ' ಮತ್ತು ಪುಟ್ಟ 2, 3 ಎಲ್ಲ ಕಡೆ ಕಾಣುವುದು. ಒಳ್ಳೆ ಸುದ್ದಿ ಅಂದರೆ ಇದರಲ್ಲಿ ಮೂಲ ಶೀಟು ಸಾಮಾನ್ಯವಾಗಿ ಹಾಳಾಗಿರುವುದಿಲ್ಲ. ಮಾರ್ಕ್‌ಎಡಿಟ್‌ನಲ್ಲಿ (ಮಾರ್ಕ್ ಫೈಲು ಮಾಡಲು, ತಿದ್ದಲು ಬಳಸುವ ಪ್ರೋಗ್ರಾಂ) ಶೀಟನ್ನು ಮಾರ್ಕ್ ಮಾಡುವಾಗ ಯುಟಿಎಫ್-8 ಅನ್ನುವ ಆಯ್ಕೆಗೆ ಟಿಕ್ ಹಾಕಿದ್ದೀರಾ, ರೆಕಾರ್ಡಿನ ಲೀಡರ್‌ನಲ್ಲಿ (ರೆಕಾರ್ಡಿನ ಶುರುವಿನ ತುಂಡು) 9ನೇ ಸ್ಥಾನದಲ್ಲಿ ಸಣ್ಣ 'ಎ' ಇದೆಯಾ, ಕೋಹಾದಲ್ಲಿ ಸ್ಟೇಜ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತಲೇ ಇತ್ತಾ, ಈ ಮೂರನ್ನು ನೋಡಿ. ಲೀಡರ್‌ನ ಆ 9ನೇ ಸ್ಥಾನ ಖಾಲಿ ಇದ್ದರೆ ಅದು ಮಾರ್ಕ್-8 ಅನ್ನುವ ಹಳೆ ಪದ್ಧತಿ ಅಂತ ಅರ್ಥ. ಆ ಪದ್ಧತಿಯಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಸ್ಥಾನ ಎಣಿಸುವಾಗ ಸೊನ್ನೆಯಿಂದ ಎಣಿಸಿ.

ಮೂರನೆಯದು ನುಡಿ. ನಮ್ಮ ಕಡೆ ಇದೇ ಜಾಸ್ತಿ. ಎಕ್ಸೆಲ್‌ನಲ್ಲಿ ನೋಡಿದರೆ ಚೆಂದ ಕನ್ನಡ, ಕೋಹಾಕ್ಕೆ ಬಂದ ಮೇಲೆ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್ ಬರುವ ಮುಂಚಿನ ನುಡಿ ಫಾಂಟುಗಳಲ್ಲಿ ಕನ್ನಡ ಅಕ್ಷರ ಇರುವುದಿಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಚಿತ್ರ ತೊಡಿಸಿರುತ್ತಾರೆ. ಫಾಂಟ್ ತೆಗೆದ ತಕ್ಷಣ ಒಳಗಿನದ್ದು ಕಾಣುತ್ತದೆ. ಪರೀಕ್ಷೆ ಸುಲಭ: ಎಕ್ಸೆಲ್‌ನಲ್ಲಿ ಆ ಕಾಲಂ ಸೆಲೆಕ್ಟ್ ಮಾಡಿ ಫಾಂಟನ್ನು ಏರಿಯಲ್ ಮಾಡಿ. ಕನ್ನಡ ಹಾಗೇ ಉಳಿದರೆ ಯೂನಿಕೋಡ್. 'ಕನ್ನಡ' ಅನ್ನುವ ಪದ ಇಂಗ್ಲಿಷಿನ ದೊಡ್ಡ 'ಪಿ' ಇಂದ ಶುರುವಾಗಿ, 'ನ' ಇರುವ ಕಡೆ ಬ್ರಿಟಿಷ್ ಪೌಂಡಿನ ಗುರುತು ಕಂಡರೆ ಅದು ನುಡಿ.

ನುಡಿಯಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳಿವೆ, ಕೆಲಸ ಮಾಡುತ್ತವೆ. ಆದರೆ ಒಂದು ಎಚ್ಚರಿಕೆ. ಶೀರ್ಷಿಕೆ ಕಾಲಂನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬೆರೆತಿರುತ್ತವೆ. ಇಡೀ ಕಾಲಂ ಕನ್ವರ್ಟರಿಗೆ ಕೊಟ್ಟರೆ ಇಂಗ್ಲಿಷ್ ಶೀರ್ಷಿಕೆಗಳೂ ಅರ್ಥವಿಲ್ಲದ ಕನ್ನಡ ಆಗುತ್ತವೆ. ಭಾಷೆಯ ಕಾಲಂ ಇದ್ದರೆ ಅದರ ಮೇಲೆ ಫಿಲ್ಟರ್ ಹಾಕಿ, ಇಲ್ಲದಿದ್ದರೆ ಮೊದಲು ಆ ಕಾಲಂ ಮಾಡಿ, ಕನ್ನಡ ಸಾಲುಗಳನ್ನಷ್ಟೇ ಬೇರೆ ಶೀಟಿಗೆ ತೆಗೆದು ಬದಲಿಸಿ. ಬದಲಿಸಿದ ಮೇಲೆ ಕರ್ನಾಟಕ, ಧರ್ಮ, ಅರ್ಥಶಾಸ್ತ್ರ, ಸ್ತ್ರೀ, ಕೃಷಿ ಇಂಥ ಪದಗಳನ್ನು ಹುಡುಕಿ ನೋಡಿ. ಅರ್ಕಾವತ್ತು ಹಳೆ ನುಡಿಯಲ್ಲಿ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಸಾಧಾರಣ ಕನ್ವರ್ಟರ್ ಎಡವುವುದು ಇಲ್ಲೇ. ಈ ಪದಗಳು ಸರಿ ಇದ್ದರೆ ಉಳಿದದ್ದೂ ಬಹುಪಾಲು ಸರಿ ಇರುತ್ತದೆ.

ನಾಲ್ಕನೆಯದು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಇದು ಕಂಡರೆ ಆ ಫೈಲಿನ ಜೊತೆ ಹೆಣಗಬೇಡಿ, ಅಕ್ಷರ ಹೋಗಿಯೇ ಬಿಟ್ಟಿದೆ. ಎಕ್ಸೆಲ್‌ನಲ್ಲಿ ಬರೀ ಸಿಎಸ್‌ವಿ (ಕಾಲಂಗಳ ನಡುವೆ ಕಾಮಾ ಇಟ್ಟ ಪಠ್ಯದ ಫೈಲು) ಅಂತ ಸೇವ್ ಮಾಡಿರುತ್ತಾರೆ, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಮೂಲ ಎಕ್ಸೆಲ್ ಫೈಲಿಗೆ ವಾಪಸ್ ಹೋಗಿ 'ಸಿಎಸ್‌ವಿ ಯುಟಿಎಫ್-8' ಅಂತ ಬೇರೆಯಾಗೇ ಇರುವ ಆಯ್ಕೆ ತೆಗೆದುಕೊಳ್ಳಿ. ಲಿಬ್ರೆಆಫೀಸ್ ಆದರೆ ಸೇವ್ ಮಾಡುವಾಗ ಯಾವ ಅಕ್ಷರ ಪದ್ಧತಿ ಅಂತ ಅದೇ ಕೇಳುತ್ತದೆ. ನನಗೆ ಈ ಕೆಲಸಕ್ಕೆ ಲಿಬ್ರೆಆಫೀಸೇ ಇಷ್ಟ. ಕಾಲಂ ಬೇರ್ಪಡಿಸಲು ಕಾಮಾ ಬದಲು ಟ್ಯಾಬ್ ಕೂಡ ಅಲ್ಲೇ ಆರಿಸಬಹುದು. ಶೀರ್ಷಿಕೆಯೊಳಗೇ ಕಾಮಾ ಇದ್ದಾಗ ಕಾಲಂ ಪಕ್ಕಕ್ಕೆ ಸರಿಯುವ ಗೋಳು ತಪ್ಪುತ್ತದೆ.

ಎಕ್ಸೆಲ್ ತಾನೇ ಬದಲಿಸುವ ಸಂಗತಿಗಳು

ಎಕ್ಸೆಲ್ ಲೆಕ್ಕಕ್ಕೆ ಮಾಡಿದ ಸಾಧನ. ಅಂಕಿ ಕಂಡರೆ ಅದನ್ನು ಸಂಖ್ಯೆ ಅಂತಲೇ ನೋಡುತ್ತದೆ. ಅಕ್ಸೆಶನ್ ನಂಬರ್ 000452 ಅಂತ ಟೈಪ್ ಮಾಡಿದರೆ 452 ಉಳಿಯುತ್ತದೆ. ಪುಸ್ತಕದ ಮೇಲಿನ ಬಾರ್‌ಕೋಡ್ ಚೀಟಿಯಲ್ಲಿ 000452 ಇದೆ, ಕೋಹಾದಲ್ಲಿ 452 ಇದೆ, ಕೌಂಟರಿನಲ್ಲಿ ಸ್ಕ್ಯಾನ್ ಮಾಡಿದರೆ ಅಂಥ ಬಾರ್‌ಕೋಡೇ ಇಲ್ಲ ಅನ್ನುತ್ತದೆ. ಅದಕ್ಕೇ ಟೆಸ್ಟ್ ಮಾಡುವಾಗ ನಂಬರನ್ನು ಕೈಯಲ್ಲಿ ಟೈಪ್ ಮಾಡಬೇಡಿ, ಪುಸ್ತಕ ತಂದು ಸ್ಕ್ಯಾನರಿನಿಂದಲೇ ಓದಿಸಿ.

ಐಎಸ್‌ಬಿಎನ್ ಇದಕ್ಕಿಂತ ಅಪಾಯ. 13 ಅಂಕಿಯ ಸಂಖ್ಯೆಯನ್ನು ಎಕ್ಸೆಲ್ 9.78819ಇ+12 ಅನ್ನುವ ರೂಪದಲ್ಲಿ ತೋರಿಸುತ್ತದೆ. ಶೀಟಿನಲ್ಲಿ ಇರುವ ತನಕ ಪರವಾಗಿಲ್ಲ, ಕಾಲಂ ಅಗಲ ಮಾಡಿ ಫಾರ್ಮ್ಯಾಟ್ ಬದಲಿಸಿದರೆ ಪೂರ್ತಿ ಸಂಖ್ಯೆ ಕಾಣುತ್ತದೆ. ಹಾಗೇ ಸಿಎಸ್‌ವಿಗೆ ಸೇವ್ ಮಾಡಿದರೆ ಮಾತ್ರ ಕಣ್ಣಿಗೆ ಕಾಣುತ್ತಿದ್ದುದೇ ಫೈಲಿಗೆ ಹೋಗುತ್ತದೆ, ಹಿಂದಿನ ಅಂಕಿಗಳು ಕಳೆದುಹೋಗುತ್ತವೆ. ಭಾರತದ ಪುಸ್ತಕಗಳ ಐಎಸ್‌ಬಿಎನ್ 97881 ಇಲ್ಲವೇ 97893ರಿಂದ ಶುರುವಾಗುವುದರಿಂದ ಎಷ್ಟೋ ಬೇರೆ ಬೇರೆ ಪುಸ್ತಕಗಳಿಗೆ ಅದೇ ಮುರುಕು ಸಂಖ್ಯೆ ಬಂದುಬಿಡುತ್ತದೆ. ಮುಂದೆ ಐಎಸ್‌ಬಿಎನ್ ನೋಡಿ ಹೊಂದಿಸುವ ನಿಯಮ ಹಾಕಿದಿರಿ ಅನ್ನಿ, ಯಾವುದೋ ಪುಸ್ತಕ ಇನ್ಯಾವುದೋ ಪುಸ್ತಕಕ್ಕೆ ಹೊಂದಿಬಿಡಬಹುದು. ಆದ್ದರಿಂದ ಟೈಪ್ ಮಾಡುವ ಮುಂಚೆಯೇ ಈ ಕಾಲಂಗಳನ್ನು 'ಟೆಕ್ಸ್ಟ್' ಅಂತ ಮಾಡಿಡಿ.

ತಾರೀಖು 2019-06-25 ಹೀಗೆ ವರ್ಷ, ತಿಂಗಳು, ದಿನದ ಕ್ರಮದಲ್ಲಿರಬೇಕು. ಬೆಲೆ ಬರೀ ಅಂಕಿ, 250.00. 'ರೂ.' ಅಂತಾಗಲಿ ಕೊನೆಯ ಗೀಟಾಗಲಿ ಬೇಡ. ಡಾಲರ್ ಚಿಹ್ನೆ ಇನ್ನೂ ತೊಂದರೆ: ಮಾರ್ಕ್‌ಎಡಿಟ್‌ನ ಪಠ್ಯ ರೂಪದಲ್ಲಿ ಸಬ್‌ಫೀಲ್ಡ್ (ಶೀರ್ಷಿಕೆ, ಪ್ರಕಾಶಕರು ಇಂಥ ಒಂದೊಂದು ಫೀಲ್ಡಿನ ಒಳಗಿನ ಭಾಗ) ಶುರುವಾಗುವ ಗುರುತೇ ಅದು. ಬೆಲೆಯಲ್ಲೋ ಶೀರ್ಷಿಕೆಯಲ್ಲೋ ಅದು ನುಸುಳಿದರೆ ಫೀಲ್ಡ್ ಅಲ್ಲೇ ಮುರಿದು ಇಲ್ಲದ ಸಬ್‌ಫೀಲ್ಡ್ ಹುಟ್ಟುತ್ತದೆ.

ಸಾಲಿನ ಲೆಕ್ಕ ತಪ್ಪುತ್ತಿದ್ದರೆ ಒಂದೇ ಸೆಲ್ಲಿನ ಒಳಗೆ ಆಲ್ಟ್ ಮತ್ತು ಎಂಟರ್ ಒತ್ತಿ ಸಾಲು ಮುರಿದಿದ್ದಾರಾ ನೋಡಿ. ಶೀಟಿನಲ್ಲಿ ಒಂದು ಸಾಲು ಇದ್ದದ್ದು ಫೈಲಿನಲ್ಲಿ ಎರಡಾಗಿರುತ್ತದೆ. ಮೊದಲ ಸಾಲು ಮಾತ್ರ ಕೆಟ್ಟಿದ್ದರೆ ಫೈಲಿನ ಶುರುವಿನಲ್ಲಿ ಬಿಒಎಂ ಅನ್ನುವ ಕಣ್ಣಿಗೆ ಕಾಣದ ಯುಟಿಎಫ್ ಗುರುತು ಕೂತಿರುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು 'ಬಿಒಎಂ ಇಲ್ಲದ ಯುಟಿಎಫ್-8' ಅಂತ ಸೇವ್ ಮಾಡಿದರೆ ಹೋಗುತ್ತದೆ. ಮೊದಲ ಮತ್ತು ಕೊನೇ ಸಾಲು ಟೆಸ್ಟಿನಲ್ಲಿ ಇರಬೇಕು ಅಂದದ್ದು ಇದಕ್ಕೇ. ಕೊನೇ ಸಾಲು ಬಂದಿದ್ದರೆ ಫೈಲ್ ಮಧ್ಯದಲ್ಲಿ ಎಲ್ಲೂ ನಿಂತಿಲ್ಲ ಅಂತ ಗೊತ್ತಾಗುತ್ತದೆ.

ಇಂಗ್ಲಿಷ್ ಪುಸ್ತಕ ಸರಿ, ಕನ್ನಡ ಪುಸ್ತಕದ ಫೀಲ್ಡುಗಳು ಮಾತ್ರ ಜಾರಿವೆ

ಇದು ವಿಚಿತ್ರವಾಗಿ ಕಾಣುವ ತೊಂದರೆ. ಶೀರ್ಷಿಕೆಯ ಬಾಲ ಪ್ರಕಾಶಕರ ಹೆಸರಿಗೆ ಅಂಟಿಕೊಂಡಿದೆ, ಪ್ರಕಾಶಕರ ಅರ್ಧ ಮುಂದಿನ ಫೀಲ್ಡಿಗೆ ಹೋಗಿದೆ, ಬಾರ್‌ಕೋಡ್ ಇರಬೇಕಾದ ಕಡೆ ಏನೋ ತುಂಡು. ಇಂಗ್ಲಿಷ್ ರೆಕಾರ್ಡುಗಳಲ್ಲಿ ಇದೇನೂ ಇಲ್ಲ.

ಕಾರಣ ಹೀಗೆ. ಮಾರ್ಕ್ ಫೈಲು ಐಎಸ್‌ಒ 2709 ಅನ್ನುವ ರೂಪದಲ್ಲಿರುತ್ತದೆ. ರೆಕಾರ್ಡಿನ ಶುರುವಿನಲ್ಲಿ 24 ಅಕ್ಷರದ ಲೀಡರ್, ಆಮೇಲೆ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಪ್ರತಿ ಫೀಲ್ಡಿಗೂ 12 ಅಂಕಿ: ಫೀಲ್ಡ್ ನಂಬರಿಗೆ 3, ಉದ್ದಕ್ಕೆ 4, ಎಲ್ಲಿಂದ ಶುರು ಅನ್ನುವುದಕ್ಕೆ 5. ಈ ಉದ್ದವನ್ನು ಬೈಟಿನಲ್ಲಿ ಎಣಿಸಬೇಕು. 'ವಿಜಯಪುರ' ಅನ್ನುವುದರಲ್ಲಿ ವ, ಗುಡಿಸು, ಜ, ಯ, ಪ, ಕೊಂಬು, ರ ಅಂತ ಯೂನಿಕೋಡಿನ 7 ಗುರುತು, ಬೈಟ್ ಲೆಕ್ಕದಲ್ಲಿ 21. ನಿಮ್ಮ ಹಳೆ ಸಾಫ್ಟ್‌ವೇರಿನ ಎಕ್ಸ್‌ಪೋರ್ಟೋ, ಯಾರೋ ಬರೆದುಕೊಟ್ಟ ಸ್ಕ್ರಿಪ್ಟೋ 7 ಅಂತ ಎಣಿಸಿದ್ದರೆ ಅಲ್ಲಿಂದ ಮುಂದೆ ಎಲ್ಲ ಫೀಲ್ಡುಗಳೂ ಜಾರುತ್ತಾ ಹೋಗುತ್ತವೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್, ಹಾಗಾಗಿ ಅಲ್ಲಿ ತಪ್ಪು ಕಾಣುವುದೇ ಇಲ್ಲ.

ಇನ್ನೊಂದು ಮಿತಿಯೂ ಇದರಿಂದಲೇ ಬರುತ್ತದೆ. ಉದ್ದಕ್ಕೆ ನಾಲ್ಕೇ ಅಂಕಿ ಜಾಗ ಇರುವುದರಿಂದ ಒಂದು ಫೀಲ್ಡು 9,999 ಬೈಟ್ ದಾಟುವಂತಿಲ್ಲ; ಲೀಡರ್‌ನಲ್ಲಿ ಇಡೀ ರೆಕಾರ್ಡಿನ ಉದ್ದಕ್ಕೆ ಐದೇ ಅಂಕಿ ಇರುವುದರಿಂದ ರೆಕಾರ್ಡು 99,999 ದಾಟುವಂತಿಲ್ಲ. ಕನ್ನಡದಲ್ಲಿ 9,999 ಬೈಟ್ ಅಂದರೆ ಬರೀ 3,300ರಷ್ಟು ಗುರುತು. ಯಾರೋ ಆಸೆಯಿಂದ ಪುಸ್ತಕದ ಪೂರ್ತಿ ಪರಿವಿಡಿ ಟೈಪ್ ಮಾಡಿದ್ದರೆ ಸುಲಭವಾಗಿ ದಾಟುತ್ತದೆ.

ಪರಿಹಾರ ಎರಡೂ ತೊಂದರೆಗೆ ಒಂದೇ: ಮಾರ್ಕ್‌ಎಕ್ಸ್‌ಎಂಎಲ್ ರೂಪ ಬಳಸಿ. ಅದರಲ್ಲಿ ಉದ್ದದ ಲೆಕ್ಕವೇ ಇಲ್ಲ, ಕೋಹಾ ಅದನ್ನೂ ಸ್ಟೇಜ್ ಮಾಡುತ್ತದೆ. ಆದರೆ ಈಗಾಗಲೇ ಕೆಟ್ಟಿರುವ ಫೈಲನ್ನು ಎಕ್ಸ್‌ಎಂಎಲ್ ಮಾಡಿ ಪ್ರಯೋಜನವಿಲ್ಲ, ಮೂಲ ಡೇಟಾದಿಂದಲೇ ಹೊಸದಾಗಿ ಮಾಡಬೇಕು.

ಸ್ಟೇಜಿಂಗ್ ಹಂತ

ಸ್ಟೇಜ್ ಮಾಡಿದರೆ ಪುಸ್ತಕ ಕ್ಯಾಟಲಾಗಿಗೆ ಸೇರಿತು ಅಂತಲ್ಲ. ಅದು ಬಾಗಿಲಲ್ಲಿ ನಿಂತಿದೆ ಅಷ್ಟೇ. ಆಮೇಲೆ 'ಸ್ಟೇಜ್ಡ್ ರೆಕಾರ್ಡ್ಸ್' ಪಟ್ಟಿಗೆ ಹೋಗಿ ಆ ಬ್ಯಾಚನ್ನು ಇಂಪೋರ್ಟ್ ಮಾಡಬೇಕು. ಈ ಎರಡನೇ ಹೆಜ್ಜೆ ಬಿಟ್ಟು "ಪುಸ್ತಕ ಕಾಣ್ತಿಲ್ಲ" ಅನ್ನುವವರು ಬಹಳ. ಇದು ಹಳೆ ಆವೃತ್ತಿಯಲ್ಲಿ ಟೂಲ್ಸ್ ಒಳಗೆ, ಹೊಸದರಲ್ಲಿ ಕ್ಯಾಟಲಾಗಿಂಗ್ ಒಳಗೆ ಸಿಗುತ್ತದೆ. ಹೊಸ ಆವೃತ್ತಿಗಳಲ್ಲಿ ಸ್ಟೇಜಿಂಗ್ ಹಿನ್ನೆಲೆಯಲ್ಲಿ ನಡೆಯುತ್ತದೆ. ಗಂಟೆಗಟ್ಟಲೆ ಕಾದರೂ ಸೊನ್ನೆಯಲ್ಲೇ ನಿಂತಿದ್ದರೆ ನಿಮ್ಮ ಫೈಲಿನ ತಪ್ಪಲ್ಲ, ಸರ್ವರಿನಲ್ಲಿ ಕೋಹಾ ವರ್ಕರ್ (ಈ ಹಿನ್ನೆಲೆ ಕೆಲಸ ಮಾಡುವ ಪ್ರೋಗ್ರಾಂ) ನಿಂತಿರುವ ಸಾಧ್ಯತೆ ಹೆಚ್ಚು. ಸರ್ವರ್ ನೋಡಿಕೊಳ್ಳುವವರಿಗೆ ವರ್ಕರ್ ಶುರು ಮಾಡಲು ಹೇಳಿ. ದೊಡ್ಡ ಕೆಲಸಗಳ ಸರದಿಗೆ ಬೇರೆಯೇ ವರ್ಕರ್ ಇರುತ್ತದೆ, ಅದನ್ನೂ ನೋಡಿ ಅನ್ನಿ.

ಸ್ಟೇಜ್ ಆದ ಮೇಲೆ ಬರುವ ವರದಿಯನ್ನು ಓದದೇ ಮುಂದೆ ಹೋಗಬೇಡಿ. ಎಷ್ಟು ರೆಕಾರ್ಡ್ ಸಿಕ್ಕವು, ಎಷ್ಟರಲ್ಲಿ ತಪ್ಪು, ಎಷ್ಟು ಐಟಂ (ಅಂದರೆ ಕಾಪಿ) ಸಿಕ್ಕವು ಅಂತ ಇರುತ್ತದೆ. ಐಟಂ ಸಂಖ್ಯೆ ನಿಮ್ಮ ಶೀಟಿನ ಸಾಲುಗಳಿಗೆ ಸಮ ಇರಬೇಕು, ರೆಕಾರ್ಡ್ ಸಂಖ್ಯೆ ಬೇರೆ ಬೇರೆ ಶೀರ್ಷಿಕೆಗಳಿಗೆ ಸಮ ಇರಬೇಕು. ಒಂದು ಸಂಖ್ಯೆ ಆಚೀಚೆ ಆದರೂ ಅಲ್ಲೇ ನಿಲ್ಲಿ. ಆ ಬ್ಯಾಚ್ ಅಳಿಸುವುದು ಸುಲಭ, ಒಳಗೆ ಹೋದ ಮೇಲೆ ಕಷ್ಟ.

ಶೀರ್ಷಿಕೆ ಇದೆ, ಕಾಪಿ ಇಲ್ಲ

ಕಾಪಿಯ ಮಾಹಿತಿಯೆಲ್ಲ 952 ಅನ್ನುವ ಫೀಲ್ಡಿನಲ್ಲಿ ಇರುತ್ತದೆ. 'ಎ' ಮತ್ತು 'ಬಿ' ಸಬ್‌ಫೀಲ್ಡಿನಲ್ಲಿ ಲೈಬ್ರರಿ ಕೋಡ್, 'ಪಿ'ನಲ್ಲಿ ಬಾರ್‌ಕೋಡ್, 'ಒ'ನಲ್ಲಿ ಕರೆ ಸಂಖ್ಯೆ, 'ವೈ'ನಲ್ಲಿ ಐಟಂ ಟೈಪ್, 'ಜಿ'ನಲ್ಲಿ ಬೆಲೆ, 'ಡಿ'ನಲ್ಲಿ ಬಂದ ತಾರೀಖು. ಸ್ಟೇಜಿಂಗ್ ವರದಿಯಲ್ಲೇ ಐಟಂ ಸೊನ್ನೆ ಅಂತಿದ್ದರೆ ಒಂದೋ ಫೈಲಿನಲ್ಲಿ 952 ಇಲ್ಲ, ಇಲ್ಲವೇ ಸ್ಟೇಜ್ ಮಾಡುವಾಗ 'ಐಟಂ ಇದೆಯಾ ನೋಡು' ಅನ್ನುವ ಆಯ್ಕೆಗೆ ಬೇಡ ಅಂತ ಕೊಟ್ಟಿದ್ದೀರಿ. ಐಟಂ ಇದೆ ಅಂತ ತೋರಿಸಿ ಇಂಪೋರ್ಟ್ ಆದ ಮೇಲೆ ಕೂರಲಿಲ್ಲ ಅಂದರೆ ಕೋಡ್ ನೋಡಿ.

ನಮ್ಮ ಊರುಗಳಲ್ಲಿ ಇದಕ್ಕೊಂದು ವಿಶೇಷ ಕಾರಣ ಇದೆ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯಿತು, ಬೆಳಗಾವಿಯ ಇಂಗ್ಲಿಷ್ ಹೆಸರೂ ಬದಲಾಯಿತು. ಹಳೆ ಡೇಟಾದಲ್ಲಿ ಲೈಬ್ರರಿ ಕೋಡ್ ಹಳೆ ಹೆಸರಿನ ಮೇಲೆ ಮಾಡಿದ್ದು, ಹೊಸ ಕೋಹಾದಲ್ಲಿ ಹೊಸ ಹೆಸರಿನ ಮೇಲೆ. ಕೋಹಾಕ್ಕೆ ಇವೆರಡೂ ಬೇರೆ ಲೈಬ್ರರಿ. ಗೊತ್ತಿಲ್ಲದ ಕೋಡ್ ಬಂದರೆ ಐಟಂ ಸೇರಿಸಲು ಆಗುವುದಿಲ್ಲ. 952ರಲ್ಲಿ ಹೊಸ ಕೋಡ್ ಹಾಕಿ, ಆದರೆ ಇಡೀ ಫೈಲಿನಲ್ಲಿ ಬಿಜಾಪುರವನ್ನು ಹುಡುಕಿ ವಿಜಯಪುರ ಮಾಡುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಪುಸ್ತಕದ ಮೇಲೆ ಬಿಜಾಪುರ ಅಂತ ಅಚ್ಚಾಗಿದ್ದರೆ ಶೀರ್ಷಿಕೆಯಲ್ಲೂ ಪ್ರಕಟಣೆಯ ಸ್ಥಳದಲ್ಲೂ ಅದು ಹಾಗೇ ಇರಬೇಕು. ಹಳೆ ಪುಸ್ತಕದ ಮುಖಪುಟವನ್ನು ನಾವು ತಿದ್ದುವಂತಿಲ್ಲ.

ಕೋಡಿನ ಹಿಂದೆ ಮುಂದೆ ಖಾಲಿ ಜಾಗ, 'ಒ' ಅಕ್ಷರದ ಬದಲು ಸೊನ್ನೆ ಇವನ್ನೂ ನೋಡಿ. ಕೋಹಾದ ಪಟ್ಟಿಯಿಂದ ಕಾಪಿ ಮಾಡಿ ಹಾಕಿದರೆ ಈ ತೊಂದರೆಯೇ ಇಲ್ಲ.

ಕೆಲವು ಐಟಂ ಸೇರಿ ಕೆಲವು ಬಿಟ್ಟಿದ್ದರೆ ಬಾರ್‌ಕೋಡ್ ಎರಡೆರಡು ಸಲ ಇದೆ. ಕಾಲೇಜುಗಳಲ್ಲಿ ಇದು ಆಗಿಯೇ ಆಗುತ್ತದೆ, ಯಾಕೆಂದರೆ ರಿಜಿಸ್ಟರ್ ಒಂದಲ್ಲ. ಸಾಮಾನ್ಯ ರಿಜಿಸ್ಟರ್ ಬೇರೆ, ಎಸ್‌ಸಿ-ಎಸ್‌ಟಿ ಬುಕ್ ಬ್ಯಾಂಕಿನದು ಬೇರೆ, ಯುಜಿಸಿ ಅನುದಾನದ್ದು ಬೇರೆ, ಎಲ್ಲವೂ 1ರಿಂದಲೇ ಶುರು. ಕೋಹಾದಲ್ಲಿ ಒಂದು ಬಾರ್‌ಕೋಡ್ ಒಂದೇ ಐಟಂಗೆ. ಎರಡನೇ ರಿಜಿಸ್ಟರ್ ಹಾಕುವಾಗ ಮೊದಲನೆಯದರ ಜೊತೆ ಡಿಕ್ಕಿ ಆಗುತ್ತದೆ, ಅದೂ ಎಲ್ಲದರಲ್ಲೂ ಅಲ್ಲ, ಎರಡೂ ಕಡೆ ಇರುವ ನಂಬರುಗಳಲ್ಲಿ ಮಾತ್ರ. ನೋಡುವವರಿಗೆ ಯಾವುದೋ ಬಂತು, ಯಾವುದೋ ಬರಲಿಲ್ಲ ಅನ್ನಿಸುತ್ತದೆ. ಮುಂಚೆಯೇ ಎಲ್ಲ ರಿಜಿಸ್ಟರಿನ ನಂಬರುಗಳನ್ನು ಒಂದೇ ಕಾಲಂನಲ್ಲಿ ಸೇರಿಸಿ ಎರಡೆರಡು ಸಲ ಇರುವವನ್ನು ಹುಡುಕಿ, ಪ್ರತಿ ರಿಜಿಸ್ಟರಿಗೂ ಮುಂದೊಂದು ಅಕ್ಷರ ಸೇರಿಸಿ. ಬಾರ್‌ಕೋಡ್ ಚೀಟಿ ಮುದ್ರಿಸುವ ಮೊದಲೇ ಇದು ತೀರ್ಮಾನ ಆಗಬೇಕು, ಗ್ರಂಥಪಾಲಕರ ಜೊತೆ ಕೂತು. ಬುಕ್ ಬ್ಯಾಂಕಿನ ಪುಸ್ತಕ ನಂಬಿಕೊಂಡೇ ಎಷ್ಟೋ ಮಕ್ಕಳು ಸಿಂದಗಿ, ಇಂಡಿಯಿಂದ ಬಸ್ಸಿಗೆ ಬರುತ್ತಾರೆ. ಕಪಾಟಿನಲ್ಲಿರುವ ಪುಸ್ತಕ ಪರದೆಯಲ್ಲಿ ಇಲ್ಲ ಅಂತ ಬಂದರೆ ಅವರು ವಾಪಸ್ ಹೋಗುತ್ತಾರೆ.

ಒಂದೇ ಪುಸ್ತಕ ಮೂರು ಸಲ ಬಂದಿದೆ

ಶೀಟಿನಲ್ಲಿ ಒಂದು ಸಾಲಿಗೆ ಒಂದು ಕಾಪಿ. ಹಾಗೇ ಮಾರ್ಕ್ ಮಾಡಿದರೆ ಒಂದು ಕಾಪಿಗೆ ಒಂದು ರೆಕಾರ್ಡು. ಮೂರು ಕಾಪಿ ಇದ್ದರೆ ಹುಡುಕಿದಾಗ ಒಂದೇ ಶೀರ್ಷಿಕೆ ಮೂರು ಸಲ. "ಮ್ಯಾಚಿಂಗ್ ರೂಲ್ ಹಾಕಿದ್ದೆನಲ್ಲ" ಅಂತ ಕೇಳುತ್ತಾರೆ. ಆ ನಿಯಮ ಕ್ಯಾಟಲಾಗಿನಲ್ಲಿ ಈಗಾಗಲೇ ಇರುವ ಪುಸ್ತಕಗಳ ಜೊತೆ ಹೋಲಿಸುತ್ತದೆ, ಅದೇ ಫೈಲಿನ ಒಳಗಿನ ಪುಸ್ತಕಗಳನ್ನು ಒಂದಕ್ಕೊಂದು ಹೋಲಿಸುವುದಿಲ್ಲ. ಹಾಗಾಗಿ ಕಾಪಿಗಳನ್ನು ಕೋಹಾಕ್ಕೆ ಬರುವ ಮುಂಚೆಯೇ ಒಂದು ರೆಕಾರ್ಡಿನಡಿ ಸೇರಿಸಬೇಕು, ಒಂದು ರೆಕಾರ್ಡಿನಲ್ಲಿ 952 ಮೂರು ಸಲ ಬರುವ ಹಾಗೆ.

ಸೇರಿಸಲು ಹೋದಾಗ ಕಣ್ಣಿಗೆ ಒಂದೇ ಥರ ಕಾಣುವ ಶೀರ್ಷಿಕೆಗಳು ಸೇರದೇ ಹೋಗಬಹುದು. 'ಬಾಗಲಕೋಟೆ' ನೋಡಿ. 'ಕೋ'ದ ಸ್ವರ ಯೂನಿಕೋಡಿನಲ್ಲಿ ಒಂದೇ ಗುರುತಾಗಿರಬಹುದು, ಆಗ ಪದದಲ್ಲಿ 8 ಗುರುತು. ಕೆಲವು ಕನ್ವರ್ಟರ್ ಅದನ್ನೇ ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘ ಅಂತ ಮೂರು ತುಂಡಾಗಿ ಬರೆದಿರುತ್ತವೆ, ಆಗ 10. ಪರದೆಯಲ್ಲಿ ಎರಡೂ ಒಂದೇ. ಎಕ್ಸೆಲ್‌ನ ಲೆನ್ ಸೂತ್ರ ಹಾಕಿದರೆ ವ್ಯತ್ಯಾಸ ತಕ್ಷಣ ಕಾಣುತ್ತದೆ. ಪದದ ಒಳಗೆ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಗುರುತೂ ಹೀಗೇ ಮಾಡುತ್ತದೆ. ಇಡೀ ಫೈಲನ್ನು ಎನ್‌ಎಫ್‌ಸಿ (ಇಂಥ ತುಂಡುಗಳನ್ನು ಒಂದೇ ಗುರುತಾಗಿ ಸೇರಿಸುವ ಯೂನಿಕೋಡ್ ರೂಪ) ಅನ್ನುವ ಒಂದೇ ರೂಪಕ್ಕೆ ತಂದುಬಿಡಿ. ಆ ಕಾಣದ ಗುರುತು ಮಾತ್ರ ಇದರಿಂದ ಹೋಗುವುದಿಲ್ಲ, ಅದನ್ನು ಬೇರೆಯಾಗಿ ಹುಡುಕಿ ನೋಡಬೇಕು. ಲೇಖಕರ ಹೆಸರಲ್ಲೂ ಹಾಗೇ. ಇನಿಶಿಯಲ್ ಹಿಂದೋ ಮುಂದೋ, ಚುಕ್ಕಿಯ ನಂತರ ಜಾಗ ಇದೆಯೋ ಇಲ್ಲವೋ ಅಂತ ಒಬ್ಬರೇ ಲೇಖಕರು ನಾಲ್ಕು ಹೆಸರಾಗಿ ನಿಂತಿರುತ್ತಾರೆ.

ಮ್ಯಾಚಿಂಗ್‌ನಲ್ಲಿ ಹೊಂದಿದರೆ ಹಳೆ ರೆಕಾರ್ಡ್ ತೆಗೆದು ಹೊಸದು ಹಾಕು ಅನ್ನುವ ಆಯ್ಕೆಯನ್ನು ಟೆಸ್ಟಿನಲ್ಲಿ ನೋಡದೇ ಬಳಸಬೇಡಿ. ಮೇಲೆ ಹೇಳಿದ ಮುರುಕು ಐಎಸ್‌ಬಿಎನ್ ಜೊತೆ ಇದು ಸೇರಿದರೆ ಸರಿಯಿದ್ದ ರೆಕಾರ್ಡುಗಳೂ ಹೋಗುತ್ತವೆ.

ಎಲ್ಲ ಸರಿ, ಹುಡುಕಿದರೆ ಮಾತ್ರ ಸಿಗುತ್ತಿಲ್ಲ

ಒಂದು ಚಿಕ್ಕ ಪರೀಕ್ಷೆ. ಆ ಪುಸ್ತಕದ ಬಾರ್‌ಕೋಡನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಸ್ಕ್ಯಾನ್ ಮಾಡಿ. ಕೋಹಾ ಪುಸ್ತಕದ ಹೆಸರು ಹೇಳಿದರೆ ಅದು ಡೇಟಾಬೇಸಿನಲ್ಲಿ ಇದೆ. ಹುಡುಕಾಟ ನಡೆಯುವುದು ಡೇಟಾಬೇಸಿನಲ್ಲಲ್ಲ, ಅದರಿಂದ ಮಾಡಿದ ಇಂಡೆಕ್ಸಿನಲ್ಲಿ. ಹಾಗಾದರೆ ಇಂಪೋರ್ಟ್ ಸರಿಯಾಗಿದೆ, ಇಂಡೆಕ್ಸ್ ಆಗಿಲ್ಲ. ಸ್ವಲ್ಪ ಹೊತ್ತು ಕಾಯಿರಿ, ಆಗಲೂ ಬರದಿದ್ದರೆ ಸರ್ವರಿನಲ್ಲಿ ಇಂಡೆಕ್ಸರ್ ನಡೆಯುತ್ತಿದೆಯಾ ನೋಡಿ ಜೀಬ್ರಾ (ಕೋಹಾ ಹುಡುಕಾಟಕ್ಕೆ ಬಳಸುವ ಪ್ರೋಗ್ರಾಂ) ಇಂಡೆಕ್ಸನ್ನು ಪೂರ್ತಿ ಮತ್ತೆ ಕಟ್ಟಿಸಿ.

ಇಂಗ್ಲಿಷ್ ಶೀರ್ಷಿಕೆ ಸಿಗುತ್ತದೆ, ಕನ್ನಡ ಸಿಗುವುದಿಲ್ಲ ಅಂದರೆ ಜೀಬ್ರಾ ಅಕ್ಷರಗಳನ್ನು ಗುರುತಿಸಲು ಹಳೆ ಸಿಎಚ್‌ಆರ್ ಪದ್ಧತಿಯಲ್ಲಿದೆ. ಕನ್ನಡಕ್ಕೆ ಐಸಿಯು ಪದ್ಧತಿ ಬೇಕು. ಜೀಬ್ರಾದ 'ಡಿಫಾಲ್ಟ್ ಐಡಿಎಕ್ಸ್' ಫೈಲಿನಲ್ಲಿ ಆ ಸಾಲು ಬದಲಿಸಿ, ಮತ್ತೆ ಪೂರ್ತಿ ಇಂಡೆಕ್ಸ್ ಮಾಡಬೇಕು. ಬದಲಿಸಿ ಇಂಡೆಕ್ಸ್ ಮಾಡದಿದ್ದರೆ ಏನೂ ಆಗುವುದಿಲ್ಲ. ಜೀಬ್ರಾ ಬದಲು ಎಲಾಸ್ಟಿಕ್‌ಸರ್ಚ್ ಬಳಸುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಹುಡುಕಿದರೆ ಸಿಗುತ್ತದೆ, ಭಾಷೆಯ ಪ್ರಕಾರ ಬೇರ್ಪಡಿಸಿದರೆ ಸಿಗುತ್ತಿಲ್ಲ ಅಂದರೆ 008 ಫೀಲ್ಡ್ ನೋಡಿ. ಅದು ಸರಿಯಾಗಿ 40 ಸ್ಥಾನ ಇರಬೇಕು, 35ರಿಂದ 37ರವರೆಗೆ ಭಾಷೆಯ ಮೂರಕ್ಷರದ ಕೋಡ್. ಕನ್ನಡ, ಮರಾಠಿ, ಉರ್ದು ಎಲ್ಲಕ್ಕೂ ಇಂಗ್ಲಿಷ್ ಕೋಡ್ ಬಿದ್ದಿರುವುದನ್ನು ನಾನು ತುಂಬಾ ಕಡೆ ನೋಡಿದ್ದೇನೆ. ಒಂದು ಸ್ಥಾನ ಕಡಿಮೆಯಾದರೂ ಕೋಡ್ ಪಕ್ಕಕ್ಕೆ ಸರಿಯುತ್ತದೆ.

ಪೂರ್ತಿ ಫೈಲ್ ಹಾಕುವಾಗ

ಟೆಸ್ಟ್ ಫೈಲಿನ ಪ್ರತಿ ಪುಸ್ತಕವನ್ನೂ ಹುಡುಕಿ, ಒಂದು ಟೆಸ್ಟ್ ಸದಸ್ಯರ ಹೆಸರಿಗೆ ಇಶ್ಯೂ ಮಾಡಿ, ವಾಪಸ್ ತಗೊಳ್ಳಿ. ಇಷ್ಟಾದ ಮೇಲೆ ಡೇಟಾಬೇಸಿನ ಬ್ಯಾಕಪ್ ತೆಗೆದು ಅಸಲಿ ಕೋಹಾಕ್ಕೆ ಹೋಗಿ. ರಿಜಿಸ್ಟರಿಗೆ ಒಂದು ಬ್ಯಾಚ್ ಮಾಡಿ, ಎಲ್ಲ ಒಟ್ಟಿಗೆ ಹಾಕಬೇಡಿ.

ಸರ್ವರಿನಲ್ಲಿ ಕಮಾಂಡ್ ಮೂಲಕ ಇಂಪೋರ್ಟ್ ಮಾಡುವವರು ಬಲ್ಕ್‌ಮಾರ್ಕ್‌ಇಂಪೋರ್ಟ್ (ಕೋಹಾದ ಇಂಪೋರ್ಟ್ ಸ್ಕ್ರಿಪ್ಟ್) ನಡೆಸುವಾಗ ಮೊದಲು 'ಮೈನಸ್ ಟಿ' ಕೊಡಿ. ಅದು ಫೈಲನ್ನು ಓದಿ ನೋಡುತ್ತದೆ, ಏನೂ ಸೇರಿಸುವುದಿಲ್ಲ. 'ಮೈನಸ್ ಡಿ' ಮಾತ್ರ ಯಾರೋ ಬರೆದದ್ದನ್ನು ಕಾಪಿ ಮಾಡಿ ಒತ್ತಬೇಡಿ. ಅದು ಹೊಸದು ಹಾಕುವ ಮುಂಚೆ ಇರುವ ಎಲ್ಲ ಪುಸ್ತಕ, ಎಲ್ಲ ಕಾಪಿಯ ಮಾಹಿತಿ ಅಳಿಸಿಹಾಕುತ್ತದೆ.

ಪರದೆಯಿಂದ ಮಾಡಿದ ಇಂಪೋರ್ಟನ್ನು ಅದೇ ಬ್ಯಾಚ್ ಪುಟದಿಂದ ರದ್ದು ಮಾಡಬಹುದು. ಆದರೆ ಆ ಬ್ಯಾಚಿನ ಪುಸ್ತಕ ಯಾರಿಗಾದರೂ ಇಶ್ಯೂ ಆಗಿದ್ದರೆ ಅದನ್ನು ತೆಗೆಯಲು ಆಗುವುದಿಲ್ಲ. ಹಾಗಾಗಿ ಬ್ಯಾಚಿನ ಲೆಕ್ಕ ಹೊಂದಿಸಿ, ರಿಜಿಸ್ಟರಿನ ಎಲ್ಲಾದರೂ ನಾಲ್ಕು ಪುಟ ತೆರೆದು ಅಲ್ಲಿನ ನಂಬರುಗಳನ್ನು ಕೋಹಾದಲ್ಲಿ ನೋಡಿ ಮುಗಿಸುವ ತನಕ ಹೊಸ ಕೋಹಾದಿಂದ ಇಶ್ಯೂ ಶುರು ಮಾಡಬೇಡಿ ಅಂತ ಕೌಂಟರಿನವರಿಗೆ ಹೇಳಿಡಿ.